ಹತ್ತು ಬರ್ಪಿ, ಅರ್ಧ ಮೀಸೆ

ಎಲುಬಿಲ್ಲದ ನಾಲಿಗೆ ಆಡಿದ ಮಾತಿಗೆ ಎಲುಬಿರುವ ಅಂಗಗಳು ದಂಡ ಕಟ್ಟಬೇಕಾಗುತ್ತದೆ ಎಂಬ ಸತ್ಯ ನನಗೆ ಐವತ್ತರ ಹತ್ತಿರ ಬಂದ ಮೇಲೆ ಗೊತ್ತಾಯಿತು. ನಾನು ಬೆಳ್ಳಾರೆ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡವನು. ಊರಿನವರೆಲ್ಲ ನಡೆಯಲಿ, ಓಡಲಿ, ಸವೆಸಲಿ, ಮತ್ತೆ ನನ್ನ ಅಂಗಡಿಗೇ ಬರಲಿ ಎಂಬುದು ನನ್ನ ನಿತ್ಯದ ಪ್ರಾರ್ಥನೆ. ಅದರಲ್ಲಿ ನಾನೂ ಓಡಬೇಕು ಎಂಬ ಸಾಲು ಯಾವತ್ತೂ ಇರಲಿಲ್ಲ. ಅಂಗಡಿಗೆ ಒಂದು ಚಂದದ ಹೆಸರುಂಟು, ಬೋರ್ಡೂ ಉಂಟು. ಆದರೆ ಅದನ್ನು ಓದಿದವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅದು 'ಮೀಸೆಯವರ ಅಂಗಡಿ'. ನನ್ನ ಮೀಸೆ ಆ ಬೋರ್ಡಿಗಿಂತ ಹಳೆಯದು, ಬೋರ್ಡಿಗಿಂತ ಅಗಲವಾದದ್ದು ಎಂದು ಹೆಂಡತಿ ಶಶಿ ಹೇಳುವುದುಂಟು. ಈ ಮೀಸೆಯನ್ನೇ ನಾನು ಒಂದು ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಪಣಕ್ಕಿಟ್ಟೆ.

ಪುತ್ತೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಪಕ್ಕದ ಎಲೆಯಲ್ಲಿ ಶಶಿಯ ಅಣ್ಣ, ಅಂದರೆ ನನ್ನ ಭಾವ ಕುಳಿತಿದ್ದರು. ನನಗಿಂತ ದೊಡ್ಡವರಾದರೂ ಮೈಯಲ್ಲಿ ಒಂದು ಚಮಚ ಕೊಬ್ಬಿಲ್ಲ. ಬಡಿಸುವವರು ಪಾಯಸ ತಂದಾಗ ಅವರು ಎಲೆಗೆ ಕೈ ಅಡ್ಡ ಹಿಡಿದು, "ಬೇಡ, ಮಳೆಗಾಲ ಕಳೆದ ಮೇಲೆ ಅರ್ಧ ಮ್ಯಾರಥಾನ್ ಉಂಟು," ಎಂದರು. ಪಾಯಸ ಬೇಡ ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ಅವರ ಪಾಲಿನದನ್ನೂ ನನ್ನ ಎಲೆಗೆ ಹಾಕಿಸಿಕೊಂಡು, "ಅದೆಂತ ದೊಡ್ಡ ಸಂಗತಿ ಭಾವ? ಅರ್ಧ ತಾನೆ? ನಾನೂ ಓಡ್ತೇನೆ. ಓಡಿ ಮುಗಿಸದಿದ್ರೆ ಅರ್ಧ ಮೀಸೆ ಬೋಳಿಸ್ತೇನೆ," ಎಂದುಬಿಟ್ಟೆ. ಮನೆಯಲ್ಲಿ ನಾವಾಡುವ ಕನ್ನಡಕ್ಕೆ ಹೆಸರೇ ಅರೆಭಾಷೆ; ಹುಟ್ಟಿನಿಂದ ಅರೆಭಾಷೆಯವನು ನಾನು, ಅರ್ಧದ ಲೆಕ್ಕ ನನಗೆ ಸಹಜ. ಮೀಸೆ ಬೋಳಿಸುತ್ತೇನೆ ಎಂದು ಈ ನಾಡಿನಲ್ಲಿ ಎಷ್ಟು ಗಂಡಸರು ಹೇಳಿಲ್ಲ, ಅದರಲ್ಲಿ ಎಷ್ಟು ಜನ ಬೋಳಿಸಿದ್ದಾರೆ? ಆದರೆ ಭಾವ ಎದ್ದು ಕೈ ತೊಳೆಯುವ ಮೊದಲೇ ಇಡೀ ಪಂಕ್ತಿಗೆ ಕೇಳುವಂತೆ, "ಎಲ್ಲರೂ ಕೇಳಿದ್ದೀರಲ್ಲ?" ಎಂದು ಸಾಕ್ಷಿ ಹಾಕಿಸಿಕೊಂಡರು. ಬೆಳ್ಳಾರೆಗೆ ನಾನು ತಲುಪುವ ಮೊದಲೇ ಸುದ್ದಿ ತಲುಪಿತ್ತು.

ಆಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು. ಅರ್ಧ ಎಂದರೆ ಇಪ್ಪತ್ತೊಂದು ಕಿಲೋಮೀಟರ್ ಎಂದು ಭಾವ ಫೋನಿನಲ್ಲಿ ತಿಳಿಸಿದರು. ಪುತ್ತೂರಿನ ದರ್ಬೆಯಿಂದ ಹೊರಟು ಕುಂಬ್ರ ಮುಟ್ಟಿ ವಾಪಸ್ ಬರಬೇಕಂತೆ. ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಕುಂಬ್ರದ ಹತ್ತಿರ ನನಗೆ ಯಾವಾಗಲೂ ನಿದ್ದೆ ಬರುತ್ತದೆ, ಅಷ್ಟು ದೂರ ಅದು. ಭಾವನೇ ದೊಡ್ಡ ಮನಸ್ಸು ಮಾಡಿ ಓಟದ ಅಭ್ಯಾಸ ಹೇಳಿಕೊಟ್ಟರು: ನಿಧಾನವಾಗಿ, ಮಾತಾಡಿಕೊಂಡು, ದೂರ ಓಡಬೇಕು. ಅಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ನಾನು ಬುದ್ಧಿವಂತಿಕೆ ತೋರಿಸಿ ಫೋನಿನಲ್ಲಿ ಎರಡು ತಿಂಗಳ ಒಂದು ಮನೆ ಕಸರತ್ತಿನ ಕಾರ್ಯಕ್ರಮವನ್ನೂ ಹಚ್ಚಿಕೊಂಡೆ. ಅದರಲ್ಲಿ ಮೀಸೆಯೇ ಇಲ್ಲದ ಒಬ್ಬ ತರಬೇತುದಾರ ಇಂಗ್ಲಿಷಿನಲ್ಲಿ ಕಿರುಚುತ್ತಾನೆ. ಅವನಿಗೆ ನಿಧಾನ ಎಂಬ ಪದ ಗೊತ್ತಿಲ್ಲ. ಬೆಳಿಗ್ಗೆ ಭಾವನ ಮಾತು ಕೇಳಿ ನಿಧಾನ ಓಡಿ, ಸಂಜೆ ಇವನ ಮಾತು ಕೇಳಿ ಕುಪ್ಪಳಿಸಿ, ನನ್ನ ಮೊಣಕಾಲಿಗೆ ತನ್ನ ಯಜಮಾನ ಯಾರು ಎಂಬುದೇ ಮರೆತುಹೋಯಿತು. ಚಪ್ಪಲಿ ಮಾರುವವನು ದಿನಕ್ಕೆ ಎಷ್ಟೋ ಸಲ ಗಿರಾಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರಬೇಕು. ಕೂರುವುದೇನೋ ಕೂರುತ್ತಿದ್ದೆ. ಏಳುವಾಗ ಗಿರಾಕಿಯ ಕಾಲನ್ನೇ ಹಿಡಿದು ಏಳಬೇಕಾಗುತ್ತಿತ್ತು. ವ್ಯಾಪಾರದಲ್ಲಿ ಗಿರಾಕಿಯ ಕಾಲು ಹಿಡಿಯಬೇಕು ಎಂದು ಹಿರಿಯರು ಹೇಳಿದ್ದು ಈ ಅರ್ಥದಲ್ಲಿ ಇರಲಾರದು.

ಆ ಕಾರ್ಯಕ್ರಮದ ಮುಖ್ಯ ಕಸರತ್ತಿನ ಹೆಸರು ಬರ್ಪಿ. ನಿಂತವನು ಕೂರಬೇಕು, ಕೂತವನು ಬೋರಲು ಬೀಳಬೇಕು, ಬಿದ್ದವನು ಎದ್ದು ಆಕಾಶಕ್ಕೆ ಹಾರಬೇಕು. ದೇವರಿಗೆ ಸಾಷ್ಟಾಂಗ ನಮಸ್ಕಾರ ಮಾಡುವಾಗ ಹೊಟ್ಟೆಯ ಕೆಳಗೆ ಕಟ್ಟಿರುವೆ ಸಿಕ್ಕಿದರೆ ಹೇಗೆ ಏಳುತ್ತೇವೋ ಹಾಗೆ. ಈ ಹೆಸರು ಇಟ್ಟವನಿಗೆ ನಮ್ಮ ಕಡೆ ತುಳು ಎಂಬ ಭಾಷೆ ಉಂಟೆಂದು ಗೊತ್ತಿರಲಿಲ್ಲ. ತುಳುವಿನಲ್ಲಿ ಬರ್ಪಿ ಎಂದರೆ ಬರುವ, ಬರ್ಪೆ ಎಂದರೆ ಬರುತ್ತೇನೆ, ಬರ್ಪೆರ್ ಎಂದರೆ ಬರುತ್ತಾರೆ. ನಮ್ಮ ಮನೆಯಲ್ಲಿ ಆ ಮಳೆಗಾಲ ಶಶಿಯ ತಾಯಿ ಬಂದು ಕೂತಿದ್ದರು. ಅವರು ಪುತ್ತೂರಿನ ಕಡೆಯವರು, ತುಳು ಬಿಟ್ಟರೆ ಬೇರೆ ಭಾಷೆ ಅವರಿಗೆ ಸೇರುವುದಿಲ್ಲ. ಅವರ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿಯೇ ಹೇಳುತ್ತೇನೆ. ನನಗೆ ಅತ್ತೆ, ಭಾವನಿಗೆ ಹೆತ್ತ ತಾಯಿ. ಹಾಗಾಗಿ ಈ ಪಂದ್ಯದಲ್ಲಿ ಅವರ ಪಕ್ಷ ಯಾವುದೆಂಬುದು ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಒಂದು ಕನ್ನಡಕ ಕೊಟ್ಟಿದ್ದರು. ಅದನ್ನು ಅವರು ಧಾರಾವಾಹಿ ನೋಡುವಾಗ ಮಾತ್ರ ಹಾಕುತ್ತಿದ್ದರು. ಉಳಿದ ಜಗತ್ತು ಕನ್ನಡಕ ಹಾಕಿ ನೋಡುವಷ್ಟು ಚಂದ ಇಲ್ಲ ಎಂಬುದು ಅವರ ಅಭಿಪ್ರಾಯ.

ಮೊದಲ ಆದಿತ್ಯವಾರ ಶಶಿ ಸುಳ್ಯಕ್ಕೆ ಮದುವೆಗೆ ಹೋಗಿದ್ದಳು. ನಾನು ಹಾಲ್‌ನಲ್ಲಿ ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಶುರು ಮಾಡಿದೆ. ತರಬೇತುದಾರ "ಟೆನ್ ಮೋರ್ ಬರ್ಪೀಸ್! ಟೆನ್ ಮೋರ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಅತ್ತೆ ಬಾಗಿಲಲ್ಲಿ ಬಂದು ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು ಒಳಗೆ ಹೋದರು. ನಾನು ಕಸರತ್ತು ಮುಗಿಸಿ, ಮಿಂದು, ಒಂದು ನಿದ್ದೆ ತೆಗೆದು ಅಡುಗೆಮನೆಗೆ ಹೋಗುವಷ್ಟರಲ್ಲಿ ನೀರುದೋಸೆ ಬುಟ್ಟಿ ತುಂಬಿ ಮೇಲೆ ಬರುತ್ತಿತ್ತು. ಒಲೆಯ ಮೇಲೆ ಕೋಳಿ ಕುದಿಯುತ್ತಿತ್ತು.

"ಇದೆಂತ ಅತ್ತೆ ಇಷ್ಟೆಲ್ಲ?" ಎಂದೆ.

"ಹತ್ತು ಜನ ಹೆಚ್ಚಿಗೆ ಬರ್ಪೆರ್ ಅಂತ ಫೋನಿನವ ಬೊಬ್ಬೆ ಹಾಕಿದ್ನಲ್ಲ! ಟೆನ್ ಅಂದ್ರೆ ಹತ್ತು ಅಂತ ನಂಗೂ ಗೊತ್ತುಂಟು. ನೀವು ಆ ಸುದ್ದಿ ಕೇಳಿ ನೆಲಕ್ಕೆ ಬಿದ್ದದ್ದೂ ನೋಡಿದೆ. ಹೆದರಬೇಡಿ, ಎಲ್ಲ ತಯಾರುಂಟು."

ನಮ್ಮ ಕಡೆ ನೆಂಟರು ಬರುತ್ತಾರೆ ಎಂದರೆ ಯಾರು, ಯಾಕೆ ಎಂದು ಕೇಳುವ ಕ್ರಮವಿಲ್ಲ. ಮೊದಲು ಅಕ್ಕಿ ನೆನೆಹಾಕುವುದು, ಆಮೇಲೆ ವಿಚಾರಣೆ. ನಾನು ವಿವರಿಸಲು ಹೊರಟೆ. ಬಿದ್ದು ಏಳುವುದಕ್ಕೆ ಬರ್ಪಿ ಎನ್ನುತ್ತಾರೆ ಎಂದರೆ, "ಬೀಳುದಕ್ಕೆ ಬೂರುನಿ ಅಂತಾರೆ, ಬರ್ಪಿ ಅಂತ ಯಾರೂ ಹೇಳುದಿಲ್ಲ," ಎಂದು ನನ್ನ ತುಳು ತಿದ್ದಿದರು. ಸಂಜೆ ಶಶಿ ಬರುವವರೆಗೆ ಬರಬೇಕಾದ ಹತ್ತು ಜನರಲ್ಲಿ ಒಬ್ಬನೂ ಬರಲಿಲ್ಲ. ಅನ್ನ ದೇವರನ್ನು ಎಸೆಯಬಾರದು ಎಂಬ ಧರ್ಮಸೂಕ್ಷ್ಮವನ್ನು ನಾನೊಬ್ಬನೇ ಪಾಲಿಸಿದೆ. ಅಲ್ಲಿಂದ ಮುಂದೆ ಕಸರತ್ತಿನ ದಿನವೆಲ್ಲ ಅತ್ತೆ ನಾಲ್ಕು ದೋಸೆ ಹೆಚ್ಚಿಗೇ ಹೊಯ್ಯುತ್ತಿದ್ದರು. "ಪಾಪದ ಜನ, ದಿನಾ ಬರ್ಪೆ ಬರ್ಪೆ ಅಂತಾನೆ, ಒಂದು ದಿನ ಆದ್ರೂ ಬಂದನಾ?" ಎಂದು ಫೋನಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಎರಡು ತಿಂಗಳಲ್ಲಿ ನನ್ನ ತೂಕ ಇಳಿಯುವ ಬದಲು ಏರಿತು. ಒಂದು ಲಾಭ ಮಾತ್ರ ಆಯಿತು: ಬರ್ಪಿ ಎಂಬ ಶಬ್ದ ಎಲ್ಲಿ ಕೇಳಿದರೂ ತಲೆಯ ಅಪ್ಪಣೆಗೆ ಕಾಯದೆ ಮೈ ತಾನಾಗಿ ಎಗರಲು ಕಲಿತಿತು.

ರಸ್ತೆಯ ಓಟದ ಕಷ್ಟವೇ ಬೇರೆ. ಟ್ರ್ಯಾಕ್ ಪ್ಯಾಂಟು ಹಾಕಿದ ಹುಡುಗರು ಓಡಿದರೆ ಯಾರೂ ಕೇಳುವುದಿಲ್ಲ. ನನ್ನ ವಯಸ್ಸಿನ, ನನ್ನ ಗಾತ್ರದ, ನನ್ನ ಮೀಸೆಯ ಗಂಡಸು ಓಡಿದರೆ ಬಸ್ಸು ತಪ್ಪಿರಬೇಕು, ಇಲ್ಲ ನಾಯಿ ಅಟ್ಟಿಸಿರಬೇಕು, ಇಲ್ಲ ಯಾರಿಗೋ ಸೀರಿಯಸ್ ಆಗಿರಬೇಕು. ಮೂರಕ್ಕೂ ಮದ್ದು ಒಂದೇ, ವಾಹನ ನಿಲ್ಲಿಸಿ ಹತ್ತಿಸಿಕೊಳ್ಳುವುದು. ಪಿಕಪ್ಪು ನಿಂತಿತು, ಹಾಲಿನ ವ್ಯಾನು ನಿಂತಿತು, ಒಂದು ದಿನ ನೆಟ್ಟಣದಲ್ಲಿ ರೈಲು ಇಳಿದವರನ್ನು ತುಂಬಿಕೊಂಡು ಬಂದ ಬಾಡಿಗೆ ಜೀಪೂ ನಿಂತಿತು. ಬೇಡ ಎಂದು ಮುಖಕ್ಕೆ ಹೇಳುವುದು ನಮ್ಮ ಮರ್ಯಾದೆಯಲ್ಲ. ಹೋಗುವವನು ಹೋಗುತ್ತೇನೆ ಎನ್ನದೆ ಬರ್ಪೆ ಎಂದು ಹೇಳಿ ಹೋಗುವ ಊರು ಇದು. ಹತ್ತಲು ಮನಸ್ಸಿಲ್ಲದವನೂ "ಬರ್ಪೆ, ನೀವು ಹೋಗಿ," ಎಂದೇ ಹೇಳಬೇಕು. ಒಂದು ಸಲ ಕರೆದರೆ ಹಾಗೆ ಹೇಳಬಹುದು, ಎರಡು ಸಲ ಕರೆದರೂ ಹೇಳಬಹುದು. ಮೂರನೇ ಸಲ ಕರೆದ ಮೇಲೂ ಹತ್ತದಿದ್ದರೆ ಅದು ಹಮ್ಮು. ಹೀಗಾಗಿ ನನ್ನ ಹೆಚ್ಚಿನ ದೂರದ ಓಟಗಳು ಯಾರದಾದರೂ ವಾಹನದ ಹಿಂದಿನ ಸೀಟಿನಲ್ಲಿ ಮುಗಿದವು.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ಬೇಸರ ಮಾಡಿಕೊಂಡವರು ಹಮೀದಾಕ. ದುಬೈಯಲ್ಲಿ ವರ್ಷಗಟ್ಟಲೆ ದುಡಿದು ಬಂದು ನನ್ನ ಪಕ್ಕದಲ್ಲೇ ಬಟ್ಟೆ ಅಂಗಡಿ ಇಟ್ಟವರು. ದಿನಾ ಸಂಜೆ ನಾವಿಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿಯುವುದು. ಓಟದ ಹಿಂದಿನ ವಾರ ಅವರು ಸ್ಕೂಟರ್ ನಿಲ್ಲಿಸಿ ಮೂರು ಸಲ ಕರೆದರೂ ನಾನು ಹಟ ಹಿಡಿದು ಹತ್ತಲಿಲ್ಲ. "ಆಯ್ತು ಮಾರಾಯ್ರೆ, ನಮ್ಮ ಸ್ಕೂಟರಲ್ಲಿ ಕೂತ್ರೆ ನಿಮ್ಮ ಗೌರವಕ್ಕೆ ಕಮ್ಮಿ ಆಗ್ತದೆ ಅಂತಾದ್ರೆ ಬೇಡ," ಎಂದು ಹೊರಟುಹೋದರು. ಆಮೇಲೆ ಅಂಗಡಿ ಮುಚ್ಚುವವರೆಗೆ ಚಹಾ ಬರಲಿಲ್ಲ. ಮರುದಿನವೂ ಬರಲಿಲ್ಲ. ನನಗೆ ನಿಜವಾಗಿ ನೋವಾಯಿತು. ಮೀಸೆ ಉಳಿಸಿಕೊಳ್ಳಲು ಹೋಗಿ ಗೆಳೆಯನನ್ನು ಕಳಕೊಂಡೆನಲ್ಲ ಎನಿಸಿತು.

ಓಟದ ದಿನ ಬಂತು. ನಾನೇ ಹೇಳಿಕೊಳ್ಳಬಾರದು, ಆದರೆ ನಾನು ಕುಂಬ್ರ ಮುಟ್ಟಿದೆ. ನಿದ್ದೆ ಮಾಡದೆ ಕುಂಬ್ರ ನೋಡಿದ್ದು ಅದೇ ಮೊದಲು. ತಿರುಗಿ ಹೊರಟೆ. ಅರ್ಧಕ್ಕಿಂತ ಹೆಚ್ಚು ದಾರಿ ಹಿಂದೆ ಬಿದ್ದಿತ್ತು, ಮೀಸೆ ಬೆವರಿನಲ್ಲಿ ನೆಂದರೂ ಅದರ ಜಾಗದಲ್ಲೇ ಇತ್ತು. ಒಂದು ಏರು ಬಂತು. ಕಾಲು ನನ್ನದಲ್ಲ, ಉಸಿರು ನನ್ನದಲ್ಲ, ನನ್ನದೆಂದು ಹೇಳಲು ಉಳಿದದ್ದು ಮೀಸೆ ಒಂದೇ. ಆಗ ಹಿಂದಿನಿಂದ ಸ್ಕೂಟರ್ ಬಂದು ಪಕ್ಕದಲ್ಲಿ ನಿಧಾನವಾಯಿತು. ಹಮೀದಾಕ. ಪುತ್ತೂರಿಗೆ ಬಟ್ಟೆ ತರಲು ಹೊರಟವರು. ಮುಖದಲ್ಲಿ ಹಳೆಯ ಬೇಸರ ಇರಲಿಲ್ಲ, ನನ್ನ ಅವಸ್ಥೆ ಕಂಡ ಮರುಕ ಇತ್ತು.

"ಬರ್ಪರಾ?" ಎಂದರು. ಬರುತ್ತೀರಾ ಎಂದು ಅಷ್ಟೆ.

ಕಿವಿಗೆ ಬಿದ್ದದ್ದು ಅದರ ಮೊದಲರ್ಧ ಮಾತ್ರ. ಮೈ ಕುಗ್ಗಿತು, ಎಗರಿತು, ಇಳಿಯುವಾಗ ಹಮೀದಾಕನ ಹಿಂದಿನ ಸೀಟಿನ ಮೇಲೆ ಇಳಿಯಿತು. ಎರಡು ತಿಂಗಳ ತರಬೇತಿಯಲ್ಲಿ ಅಷ್ಟು ಅಚ್ಚುಕಟ್ಟಾದ ಬರ್ಪಿಯನ್ನು ನಾನು ಮಾಡಿರಲಿಲ್ಲ. ಗಾಳಿ ಮುಖಕ್ಕೆ ಬಡಿದಾಗ ಆದ ಸುಖವನ್ನು ಏನೆಂದು ಹೇಳಲಿ. ಹಮೀದಾಕ ಮಗಳ ಮದುವೆಯ ವಿಷಯ ತೆಗೆದರು, ನಾನು ಹೂಂಗುಟ್ಟಿದೆ. ದಾರಿಯಲ್ಲಿ ಓಡುತ್ತಿದ್ದವರಿಗೆ ಪರಿಚಯದ ನಗೆ ನಕ್ಕು ಕೈ ಬೀಸಿದೆ. ಅವರು ಯಾಕೆ ಹಾಗೆ ನೋಡುತ್ತಾರೆ ಎಂದು ಹೊಳೆಯಲಿಲ್ಲ. ಮುಂದೆ ಒಬ್ಬರು ತೆಳ್ಳಗಿನವರು ಓಡುತ್ತಿದ್ದರು. ಬೆನ್ನು ನೋಡಿಯೇ ಗುರುತು ಸಿಕ್ಕಿತು, ಭಾವ. ಪಾಪ, ಈ ಬಿಸಿಲಲ್ಲಿ ಹೀಗೆ ಓಡುತ್ತಿದ್ದಾರಲ್ಲ, ನೋಡಿಯೂ ನೋಡದ ಹಾಗೆ ಹೋಗುವುದು ಹೇಗೆ? ಹಮೀದಾಕನ ಭುಜ ತಟ್ಟಿ ಸ್ಕೂಟರ್ ನಿಧಾನ ಮಾಡಿಸಿ, ನಾನು ಒಂದಿಷ್ಟು ಮುಂದೆ ಸರಿದು ಜಾಗ ಮಾಡಿಕೊಟ್ಟು ಕೇಳಿದೆ:

"ಭಾವ, ಬರ್ಪರಾ?"

ಭಾವ ಓಡುತ್ತಲೇ ತಿರುಗಿ ನನ್ನನ್ನು ನೋಡಿದರು. ಮುಖ ನೋಡಲಿಲ್ಲ, ಮೀಸೆ ನೋಡಿದರು. ಆಗ ನನಗೆ ಎಲ್ಲ ನೆನಪಾಯಿತು.

"ಅದಕ್ಕೆಂತ? ನಿಮಗೆ ಅಲ್ಲಿ ಹೋಗಿ ಮುಟ್ಟುದಲ್ವಾ ಮುಖ್ಯ?" ಎಂದು ಹಮೀದಾಕ ದಾರಿಯುದ್ದಕ್ಕೂ ಸಮಾಧಾನ ಹೇಳಿದರು. ಮೀಸೆಯ ಪಂದ್ಯದ ಸುದ್ದಿ ತಾನೂ ಕೇಳಿದ್ದೆ, ಆದರೆ ಇಡೀ ದಾರಿ ಓಡಿಯೇ ಮುಟ್ಟಬೇಕೆಂದು ಗೊತ್ತಿದ್ದರೆ ಕರೆಯುತ್ತಲೇ ಇರಲಿಲ್ಲ ಎಂದು ಆಣೆ ಹಾಕಿದರು. ಅವರ ಚಹಾ ಮಾತ್ರ ಆ ಸಂಜೆಯೇ ಮತ್ತೆ ಶುರುವಾಯಿತು, ಅದೊಂದು ಸಂತೋಷ.

ಚಹಾ ಕುಡಿದು ಬೆಳ್ಳಾರೆಯ ಸೆಲೂನಿನಲ್ಲಿ ಕೂತೆ. ಭಾವ ಪದಕ ಕೊರಳಲ್ಲೇ ಇಟ್ಟುಕೊಂಡು ಸಾಕ್ಷಿಗೆ ಬಂದಿದ್ದರು. ಕ್ಷೌರದವನು ಕತ್ತಿ ಹಿಡಿದು, "ಯಾವ ಅರ್ಧ?" ಎಂದು ಕೇಳಿದ. ಪಂಕ್ತಿಯಲ್ಲಿ ಇದನ್ನು ಯಾರೂ ನಿರ್ಧರಿಸಿರಲಿಲ್ಲ. ಭಾವ ತುಸು ಯೋಚಿಸಿ, "ಸ್ಕೂಟರ್ ಹತ್ತಿದ ಬದಿಯದ್ದು," ಎಂದರು. ಎಡಗಡೆಯದ್ದು ಹೋಯಿತು. ಉಳಿದ ಅರ್ಧವನ್ನು ಕನ್ನಡಿಯಲ್ಲಿ ಒಂದು ಕ್ಷಣ ನೋಡಿ, ಅದನ್ನು ನನ್ನ ಸ್ವಂತ ಇಷ್ಟದಿಂದಲೇ ತೆಗೆಸಿದೆ. ನನ್ನ ಜೀವನದಲ್ಲಿ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಮಾಡಿದ ಕೆಲಸ ಅದೊಂದೇ.

ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಮನೆಗೆ ಬಂದೆ. ಜಗಲಿಯಲ್ಲಿ ಕೂತಿದ್ದ ಅತ್ತೆ, ಕರವಸ್ತ್ರ ಸರಿದ ಕೂಡಲೇ ದಿಗ್ಗನೆ ಎದ್ದು ನಿಂತರು. "ಶಶೀ, ಬೇಗ ಬಾ! ಆ ಫೋನಿನ ಜನ ಬಂದ ಮಾರಾಯ್ತಿ. ದಿನಾ ಬರ್ಪೆ ಬರ್ಪೆ ಹೇಳಿ ಹೇಳಿ ಕಡೆಗೂ ಬಂದ!" ಎಂದು ಒಳಗೆ ಕೂಗಿದರು. ಒಳಗಿನಿಂದ ಶಶಿಯ ನಗು ಮಾತ್ರ ಬಂತು. ಅತ್ತೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಬೆಲ್ಲ, ನೀರು ತಂದಿಟ್ಟರು. ಅಳಿಯನಾಗಿ ಇಷ್ಟು ವರ್ಷದಲ್ಲಿ ನನಗೆ ಅತ್ತೆಯ ಕೈಯಿಂದ ಅಷ್ಟು ಉಪಚಾರ ಸಿಕ್ಕಿರಲಿಲ್ಲ. ಬೆಲ್ಲ ಬಾಯಿಗಿಟ್ಟುಕೊಳ್ಳುವಾಗ ನೋಡುತ್ತೇನೆ, ಅತ್ತೆಯ ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು, ಧಾರಾವಾಹಿಗೆ ಇನ್ನೂ ಹೊತ್ತಿತ್ತು.

ಅವರು ನನ್ನ ಬೆನ್ನ ಹಿಂದೆ, ಗೇಟಿನ ಕಡೆಗೆ ಕತ್ತು ಉದ್ದ ಮಾಡಿ ನೋಡಿದರು. "ಉಳಿದ ಹತ್ತು ಜನ ಎಲ್ಲಿ?" ಎಂದರು.

"ಬರ್ಪೆರ್," ಎಂದು ಹೇಳಿ, ಒಳಗೆ ಹೋಗಿ ಆ ಹತ್ತು ಜನರ ಪಾಲಿನ ದೋಸೆಯನ್ನೂ ನಾನೇ ತಿಂದೆ.