ಜೀಪು ಹತ್ತದ ಮಾವನವರು

ಗಾಡಿ ಮಾರುವವನ ಹತ್ತಿರ ಜನ ಬರುವುದು ಗಾಡಿ ಕೊಳ್ಳುವುದಕ್ಕೆ ಅಂತ ನೀವು ತಿಳಿದುಕೊಂಡಿದ್ದರೆ ಅದು ತಪ್ಪು. ಅರ್ಧ ಜನ ಬರುವುದು ತಾವು ಯಾಕೆ ಕೊಳ್ಳುವುದಿಲ್ಲ ಅಂತ ವಿವರಿಸುವುದಕ್ಕೆ. ತೊಂಬತ್ತರ ದಶಕದ ಮೊದಲಲ್ಲಿ ಬೆಂಗಳೂರಿನಲ್ಲಿ ಜೀಪು ಮಾರುವ ಕೆಲಸಕ್ಕೆ ಸೇರಿದ ನನ್ನಂಥವನಿಗಂತೂ ವಾರಕ್ಕೊಂದಾದರೂ ಇಂಥ ಪ್ರಸಂಗ ಕಟ್ಟಿಟ್ಟ ಬುತ್ತಿ. ಆಗ ನಮ್ಮ ಕಂಪನಿಯ ಜೀಪು ಬೇಕಾಗಿದ್ದದ್ದು ಪೊಲೀಸರಿಗೆ, ಅರಣ್ಯ ಇಲಾಖೆಗೆ, ನೀರಾವರಿ ಇಂಜಿನಿಯರುಗಳಿಗೆ. ಸಂಸಾರಸ್ಥರೆಲ್ಲ ಪುಟ್ಟ ಕಾರಿನ ಹಿಂದೆ ಬಿದ್ದಿದ್ದರು.

ನನಗೋ ಜೀಪಿನ ಮೇಲೆ ಪ್ರಾಣ. ಕಮಿಷನ್ನಿಗಾಗಿ ಹೇಳುತ್ತಿಲ್ಲ. ಹಳ್ಳ, ಕಲ್ಲು, ಕೆಸರು ಯಾವುದಕ್ಕೂ ಮುಖ ಗಂಟಿಕ್ಕದೆ ಹೋಗುವ ಅಂಥ ಗಾಡಿಯನ್ನು ನಾನು ಇನ್ನೊಂದು ಕಂಡಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಜನರನ್ನು ಅದಕ್ಕೆ ಹತ್ತಿಸಿದೆ. ಹತ್ತಿಸಲೇಬೇಕು ಅಂತ ನಾನು ಹಟ ತೊಟ್ಟಿದ್ದು ಮಾತ್ರ ಒಬ್ಬರನ್ನು. ಅವರೇ ನನ್ನ ಮಾವನವರು.

ಹೆಣ್ಣು ನೋಡುವ ಶಾಸ್ತ್ರ

ಹುಡುಗಿಯ ಮನೆ ಬಸವನಗುಡಿಯಲ್ಲಿ. ಅವರ ತಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆಟೋದಲ್ಲಿ ಹೋದರೆ ಏನು ಮರ್ಯಾದೆ ಅಂದುಕೊಂಡು, ಷೋರೂಮಿನ ಬಿಳಿ ಜೀಪು ಕೇಳಿ ತಂದು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋದೆ. ಮನೆ ಮುಂದೆ ನಿಲ್ಲಿಸಿದ ತಕ್ಷಣ ಎದುರಿನ ದಿನಸಿ ಅಂಗಡಿಯ ಷಟರ್ ಇಳಿಯಿತು. ಪಕ್ಕದ ಕಾಫಿಪುಡಿ ಅಂಗಡಿಯವರು ಮಿಷನ್ ನಿಲ್ಲಿಸಿ ಒಳಗೆ ಹೋದರು. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಗೇಟಿಗೆ ಬಂದ ಮೇಷ್ಟ್ರು ಜೀಪನ್ನು ನೋಡಿ, "ಯಾವ ಡಿಪಾರ್ಟ್‌ಮೆಂಟು?" ಅಂದರು.

"ಹೆಣ್ಣು ನೋಡೋಕೆ ಬಂದಿದೀವಿ," ಅಂದರು ನಮ್ಮಪ್ಪ.

ಕೇಸರಿಬಾತು, ಉಪ್ಪಿಟ್ಟು ಆಯಿತು. ಜಾತಕ ಕೂಡಿತ್ತು. ಹುಡುಗಿಗೆ ನಾನೂ ನನಗೆ ಹುಡುಗಿಯೂ ಒಪ್ಪಿಗೆ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಹುಡುಗನ ವಿಷಯದಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ಸಂಸಾರಸ್ಥ ಜೀಪು ಹತ್ತೋದು ಅಂದ್ರೆ ಒಂದೋ ಕೈಗೆ ಬೇಡಿ ಬಿದ್ದಾಗ, ಇಲ್ಲ ಓಟು ಕೇಳೋವಾಗ. ನಾನಂತೂ ಜನ್ಮದಲ್ಲಿ ಹತ್ತಲ್ಲ."

ಹೊರಗೆ ಬಂದಾಗ ದಿನಸಿ ಅಂಗಡಿಯ ಷಟರ್ ಅರ್ಧ ಮೇಲೆದ್ದಿತ್ತು. ಕೆಳಗಿನಿಂದ ತಲೆ ಹೊರಹಾಕಿ ಅಂಗಡಿಯವರು ಮೆಲ್ಲಗೆ ಕೇಳಿದರು, "ಸಾರ್, ಮೇಷ್ಟ್ರ ಮನೇಲಿ ಏನಾದ್ರೂ ಸಿಕ್ತಾ?"

ನಾನು ಇದ್ದದ್ದನ್ನೇ ಹೇಳಿದೆ: "ಹುಡುಗಿ ಸಿಕ್ಕಿದ್ರು."

ಬಿಡಿಯಾಗಿ ಸಿಗುತ್ತಾ?

ಮದುವೆಯಾದ ಮೇಲೂ ಮಾವನವರು ಮಾತು ತಪ್ಪಲಿಲ್ಲ. ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ಹೋಗಲು ಬಂದವರು ಅವಳನ್ನು ಜೀಪಿನಲ್ಲಿ ಕೂರಿಸಿ, ತಾವು ಹಿಂದೆ ಆಟೋದಲ್ಲಿ ಬಂದರು. ಆಮೇಲೆ ಅವರೂ ಒಂದು ಪುಟ್ಟ ಬಿಳಿ ಕಾರು ಕೊಂಡರು. ದಿನಾ ಬೆಳಿಗ್ಗೆ ಅದಕ್ಕೆ ಸ್ನಾನ ಆದ ಮೇಲೇ ಅವರ ಸ್ನಾನ. ನಾಲ್ಕು ಚಕ್ರವೂ ಎಳೆಯುವ ಜೀಪಿನ ಬಗ್ಗೆ ನಾನು ಬಾಯಿಬಿಟ್ಟರೆ ಸಾಕು, "ಎರಡು ಚಕ್ರ ಎಳೆದ್ರೆ ಹೋಗೋ ಗಾಡೀನ ನಾಲ್ಕು ಎಳೆಯೋದು ಅಂದ್ರೆ, ಒಂದೇ ಲೆಕ್ಕಕ್ಕೆ ಎರಡು ಸಲ ಉತ್ತರ ಬರೆದ ಹಾಗೆ. ಮಾರ್ಕ್ಸೇನೂ ಜಾಸ್ತಿ ಬರಲ್ಲ," ಅನ್ನುತ್ತಿದ್ದರು.

ಈ ನಾಲ್ಕು ಚಕ್ರದ ಗುಟ್ಟನ್ನು ಅವರಿಗಿಂತ ಬೇಗ ಅರ್ಥಮಾಡಿಕೊಂಡವರು ಚಿಕ್ಕಪೇಟೆಯ ಒಬ್ಬ ಅಜ್ಜಿ. ಅವರ ಹಿರಿಯ ಮಗನಿಗೆ ರೇಷ್ಮೆ ಸೀರೆ ವ್ಯಾಪಾರ. ಕನಕಪುರದ ಕಡೆ ಜಮೀನು ಕೊಂಡಿದ್ದರು. ಅಲ್ಲಿಗೆ ದಾರಿ ಸರಿಯಿಲ್ಲ ಅಂತ ಜೀಪು ನೋಡಲು ನಾಲ್ಕು ಜನ ಅಣ್ಣತಮ್ಮಂದಿರೂ ತಾಯಿಯನ್ನು ಕರೆದುಕೊಂಡು ಬಂದಿದ್ದರು. ನಾನು ಒಳಗಿನ ಎರಡನೆಯ ಚಿಕ್ಕ ಗೇರನ್ನು ತೋರಿಸಿ ವಿವರಿಸಿದೆ.

"ಮಾಮೂಲಿ ಗಾಡೀಲಿ ಎರಡು ಚಕ್ರ ಮಾತ್ರ ಎಳೀತವೆ ಅಮ್ಮ. ಇನ್ನೆರಡು ಸುಮ್ನೆ ಜೊತೇಲಿ ಉರುಳ್ತವೆ. ಇದರಲ್ಲಿ ಈ ಗೇರ್ ಹಾಕಿದ್ರೆ ಉರುಳೋವೂ ಎಳೆಯೋಕೆ ಶುರು ಮಾಡ್ತವೆ."

ಅಜ್ಜಿ ಗೇರನ್ನು ನೋಡಿದರು. ಆಮೇಲೆ ಸಾಲಾಗಿ ನಿಂತಿದ್ದ ನಾಲ್ಕು ಮಕ್ಕಳನ್ನು ನೋಡಿದರು. ಕಿರಿಯರಿಬ್ಬರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು.

"ಗಾಡಿ ಇರಲಿ ಬಿಡಪ್ಪ," ಅಂದರು ಅಜ್ಜಿ. "ಈ ಗೇರು ಬಿಡಿಯಾಗಿ ಸಿಗುತ್ತಾ?"

ಐದನೆಯ ನಿಂಬೆಹಣ್ಣು

ಹೊಸ ಗಾಡಿಯ ಪೂಜೆಗೆ ಗಿರಾಕಿಗಳ ಜೊತೆ ದೇವಸ್ಥಾನಕ್ಕೆ ಹೋಗುವುದೂ ನಮ್ಮ ಕೆಲಸವೇ. ಒಂದು ಸಲ ಗಿರಾಕಿಯ ಸೋದರತ್ತೆ ಉಸ್ತುವಾರಿಗೆ ಬಂದಿದ್ದರು. ಅರ್ಚಕರು ಮಂಗಳಾರತಿ ಮಾಡಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, "ಇನ್ನು ಮುಂದಕ್ಕೆ ತಗೊಳ್ಳಿ," ಅಂದರು. ಅತ್ತೆ ತಡೆದರು. ಜೀಪಿನ ಬೆನ್ನಿಗೆ ನೇತುಹಾಕಿದ್ದ ಸ್ಟೆಪ್ನಿಯನ್ನು ತೋರಿಸಿ, "ಇದಕ್ಕೆ?" ಅಂದರು.

"ಅದು ಸ್ಟೆಪ್ನಿ ಅಮ್ಮ. ನೆಲಾನೇ ಮುಟ್ಟಲ್ಲ."

"ನಾಳೆ ಪಂಚರ್ ಆದ್ರೆ ಇದೇ ತಾನೇ ನೆಲಕ್ಕಿಳಿಯೋದು? ದೃಷ್ಟಿ ತೆಗೀದೇ ಇರೋ ಚಕ್ರದಲ್ಲಿ ಮಕ್ಕಳುಮರಿ ಮನೆಗೆ ಬರಬೇಕಾ?"

ಅರ್ಚಕರು ತಟ್ಟೆಯಿಂದ ಇನ್ನೊಂದು ನಿಂಬೆಹಣ್ಣು ಎತ್ತಿಕೊಂಡರು. ನನ್ನ ಹತ್ತಿರ ಸ್ಪ್ಯಾನರ್ ಇತ್ತು. ಸ್ಟೆಪ್ನಿ ಬಿಚ್ಚಿ ಕೆಳಗಿಳಿಸಿದೆ. ಅರ್ಚಕರು ಐದನೆಯ ನಿಂಬೆಹಣ್ಣು ಇಟ್ಟರು. ನಾನು ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಉರುಳಿಸಿದೆ. ಹಣ್ಣೇನೋ ಅಪ್ಪಚ್ಚಿಯಾಯಿತು. ಆದರೆ ದೇವಸ್ಥಾನದ ಮುಂದಿನ ರಸ್ತೆ ಇಳಿಜಾರು ಅನ್ನುವುದನ್ನು ನಾನು ಮರೆತಿದ್ದೆ.

ಚಕ್ರ ಹೊರಟಿತು. ಹೂವಿನವರ ಬುಟ್ಟಿಗಳ ನಡುವೆ ಹಾದು, ಚಪ್ಪಲಿ ಬಿಡುವ ಜಾಗವನ್ನು ದಾಟಿ, ತಿರುವಿನಲ್ಲಿದ್ದ ಎಳನೀರಿನ ರಾಶಿಗೆ ಗುದ್ದಿ ಬಿತ್ತು. ಹಿಂದೆ ಟೈ ಕಟ್ಟಿಕೊಂಡ ನಾನು, ನನ್ನ ಹಿಂದೆ ಗಿರಾಕಿ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಏದುಸಿರು ಬಿಡುತ್ತ ಚಕ್ರ ತಂದು ನಿಲ್ಲಿಸಿದಾಗ ಅತ್ತೆ ಅರ್ಚಕರ ಕಡೆ ತಿರುಗಿ ಹೇಳುತ್ತಿದ್ದರು:

"ನೋಡಿದ್ರಾ, ಎಲ್ಲಕ್ಕಿಂತ ಅದಕ್ಕೇ ಜಾಸ್ತಿ ದೃಷ್ಟಿಯಾಗಿತ್ತು."

ಮಲ್ಲೇಶ್ವರದ ಕೆಸರು

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಲ ತಿರುಗಿತು. ನಮ್ಮ ಕಂಪನಿ ಏಸಿ, ಮೆತ್ತನೆ ಸೀಟು, ಹಾಡಿನ ಪೆಟ್ಟಿಗೆ ಎಲ್ಲ ಇರುವ ದೊಡ್ಡ ಗಾಡಿ ತಂದಿತು. ಎತ್ತರದಲ್ಲಿ ಕೂತು ಊರು ನೋಡುವ ಸುಖ ಜನಕ್ಕೆ ಹತ್ತಿತು. "ಜೀಪಾ?" ಅಂತ ಮೂಗು ಮುರಿಯುತ್ತಿದ್ದವರೇ "ನಮ್ಮ ನಂಬರ್ ಯಾವಾಗ ಬರುತ್ತೆ?" ಅಂತ ದಿನಕ್ಕೆರಡು ಸಲ ಫೋನ್ ಮಾಡತೊಡಗಿದರು. ನನಗೆ ಒಳಗೊಳಗೇ ಬಹಳ ಹೆಮ್ಮೆ. ಪಕ್ಕದ ಮನೆ ಹುಡುಗ ಫೇಲಾಗಿ ಫೇಲಾಗಿ ಕೊನೆಗೆ ರ್‍ಯಾಂಕ್ ಬಂದರೆ ಎಷ್ಟು ಸಂತೋಷವೋ ಅಷ್ಟು.

ಮಲ್ಲೇಶ್ವರದ ಒಬ್ಬರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ನಾಲ್ಕು ಚಕ್ರ ಎಳೆಯುವ ಮಾಡೆಲ್ಲೇ ಬೇಕು ಅಂತ ಕಾದು ತೆಗೆದುಕೊಂಡರು. ಓಡಿಸುತ್ತಿದ್ದದ್ದು ಮನೆಯಿಂದ ಎಂಟನೇ ಕ್ರಾಸಿನ ತರಕಾರಿ ಅಂಗಡಿಗೆ. ಮೊದಲ ಸರ್ವೀಸಿಗೆ ಬಂದಾಗ ಕೇಳಿದರು, "ಆ ಚಿಕ್ಕ ಗೇರು ಕೆಲಸ ಮಾಡುತ್ತೋ ಇಲ್ವೋ, ತಿಳಿಯೋದು ಹೇಗೆ?"

"ಒಂದ್ಸಲ ಕೆಸರಿಗೆ ಇಳಿಸಿ ನೋಡಿ ಸಾರ್."

"ಮಲ್ಲೇಶ್ವರದಲ್ಲಿ ಕೆಸರು ಎಲ್ರೀ ಸಿಗುತ್ತೆ?"

ನಾನು ಅದನ್ನು ಮರೆತೇಬಿಟ್ಟಿದ್ದೆ. ತಿಂಗಳಾದ ಮೇಲೆ ಆ ಕಡೆ ಹೋದವನು ನೋಡುತ್ತೇನೆ, ಅವರು ತಮ್ಮ ಮನೆ ಪಕ್ಕದ ಸ್ವಂತ ಖಾಲಿ ಸೈಟಿಗೆ ಒಂದು ಲಾರಿ ಮಣ್ಣು ಹೊಡೆಸಿ, ಬೋರ್‌ವೆಲ್ ನೀರು ಬಿಟ್ಟು ಕಲಸಿದ್ದಾರೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಸ್ವೆಟರ್ ಹಾಕಿಕೊಂಡು, ಅದರಲ್ಲಿ ಗಾಡಿ ಓಡಿಸುತ್ತಿದ್ದಾರೆ. ಅಕ್ಕಪಕ್ಕದವರು ಕಾಂಪೌಂಡಿಗೆ ಒರಗಿ ಕಾಫಿ ಕುಡಿಯುತ್ತ ನೋಡುತ್ತಿದ್ದಾರೆ.

ಅಷ್ಟರಲ್ಲಿ ಯಾರೋ ದೂರು ಕೊಟ್ಟು ವಾರ್ಡ್ ಆಫೀಸಿನಿಂದ ಒಬ್ಬರು ಬಂದರು. "ಪ್ಲಾನ್ ಸ್ಯಾಂಕ್ಷನ್ ಇಲ್ದೆ ಮನೆ ಕಟ್ತಿದೀರಂತೆ?"

"ಮನೆ ಅಲ್ಲ ಸ್ವಾಮಿ, ಗಾಡಿ ಪ್ರಾಕ್ಟೀಸು. ಬನ್ನಿ, ಕೂತ್ಕೊಳ್ಳಿ."

ಬಂದವರು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸುತ್ತು ಹೋದರು. ಮೂರನೆಯ ಸುತ್ತಿಗೆ ತಾವಾಗಿಯೇ ಇನ್ನೊಮ್ಮೆ ಅಂದರು. ಇಳಿದು, ಪ್ಯಾಂಟು ಕೊಡವಿಕೊಂಡು, ಗಂಭೀರವಾಗಿ ಅಪ್ಪಣೆ ಕೊಡಿಸಿದರು:

"ಆ ಮೂಲೇಲಿ ಒಣಗಿದೆ. ಇನ್ನೊಂಚೂರು ನೀರು ಬಿಡಿಸಿ."

ಮಡಿ

ಇಷ್ಟೆಲ್ಲ ಆದರೂ ನನ್ನ ಮಾವನವರು ಅಲ್ಲಾಡಲಿಲ್ಲ. ಅವರ ಬೀದಿಯಲ್ಲೇ ನಮ್ಮ ಗಾಡಿ ಮೂರು ಬಂದವು. "ಫ್ಯಾಷನ್ನು," ಅಂದುಬಿಟ್ಟರು.

ಅವರ ಕೊನೆಯ ಮಗಳ ಮದುವೆ ಚಾಮರಾಜಪೇಟೆಯ ಛತ್ರದಲ್ಲಿ. ಧಾರೆಯ ಮುಹೂರ್ತ ಹತ್ತೂವರೆಗೆ. ಒಂಬತ್ತು ಗಂಟೆಗೆ ಗೊತ್ತಾಯಿತು, ಧಾರೆ ಎರೆಯುವ ಬೆಳ್ಳಿ ಗಿಂಡಿ ಬಸವನಗುಡಿಯ ಮನೆಯಲ್ಲೇ ಉಳಿದಿದೆ. ಅದು ಅವರ ಅಜ್ಜಿಯ ಕಾಲದ್ದು. ನನ್ನ ಹೆಂಡತಿಯನ್ನೂ ಅದರಲ್ಲೇ ಧಾರೆ ಎರೆದು ಕೊಟ್ಟಿದ್ದರು. ಬೀರುವಿನ ಬೀಗದ ಕೈ ಮಾವನವರ ಜನಿವಾರದಲ್ಲಿ, ಹಾಗಾಗಿ ಅವರೇ ಹೋಗಬೇಕು.

"ಮಾವ, ಹೊರಗೆ ಜೀಪಿದೆ. ಐದು ನಿಮಿಷದಲ್ಲಿ ಹೋಗಿ ಬಂದ್ಬಿಡೋಣ," ಅಂದೆ.

"ನನ್ನ ಕಾರಿದೆ," ಅಂದರು. ಸ್ನಾನ ಮಾಡಿ ಮಡಿಯುಟ್ಟಿದ್ದರು. ಮಡಿ ಕೆಡದಿರಲಿ ಅಂತ ಸೀಟಿನ ಮೇಲೆ ರೇಷ್ಮೆ ವಸ್ತ್ರ ಹಾಸಿಕೊಂಡು ಒಬ್ಬರೇ ಹೊರಟರು.

ಮುಕ್ಕಾಲು ಗಂಟೆಯ ಮೇಲೆ ಹೆಂಡತಿ ಮೊಬೈಲ್ ಹಿಡಿದುಕೊಂಡು ಓಡಿಬಂದಳು. "ರೀ, ಅಪ್ಪ ಫೋನ್ ಮಾಡಿದ್ರು. ವಾಪಸ್ ಬರ್ತಾ ಚರಂಡಿಗೆ ಅಗೆದಿರೋ ರಸ್ತೇಲಿ ಕಾರು ಹೂತ್ಕೊಂಡಿದೆಯಂತೆ."

ಜೀಪು ತೆಗೆದುಕೊಂಡು ಹೋದೆ. ಹಿಂದಿನ ದಿನದ ಮಳೆಗೆ ಅಗೆದ ಮಣ್ಣೆಲ್ಲ ರಾಡಿಯಾಗಿ ರಸ್ತೆಯ ಅಗಲಕ್ಕೂ ನಿಂತಿತ್ತು. ಕಾರಿನ ಮುಂದಿನ ಚಕ್ರಗಳೆರಡೂ ಅರ್ಧ ಮುಳುಗಿದ್ದವು, ಇಂಜಿನ್ ನಿಂತುಹೋಗಿತ್ತು. ಒಳಗೆ ಮಾವನವರು ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಮಾವ, ಎತ್ತಿಕೊಂಡು ಹೋಗಿ ಜೀಪಲ್ಲಿ ಕೂರಿಸ್ತೀನಿ."

"ಮುಟ್ಟಬೇಡಿ. ನಾನು ಮಡಿ. ನೀವು ಉಪ್ಪಿಟ್ಟು ತಿಂದಿದೀರಿ."

ನಾನು ತಿಂದಿದ್ದು ನಿಜ, ಎರಡು ಸಲ. ಅವರಾಗಿಯೇ ಇಳಿದರೆ ಕಾಲಿಗೆ ಚರಂಡಿಯ ರಾಡಿ, ಮತ್ತೆ ಸ್ನಾನ, ಮತ್ತೆ ಮಡಿ. ಅಷ್ಟರಲ್ಲಿ ಮುಹೂರ್ತ ಮೀರುತ್ತದೆ. ಆಗ ಅವರ ಮುಖ ನೋಡಿದೆ. ಗಿಂಡಿಯನ್ನು ಎದೆಗೆ ಅವಚಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ಕಂಡಿರಲಿಲ್ಲ. 

"ಹೊತ್ತಾಗೋಯ್ತು, ಏನ್ಮಾಡೋದು ಅಳಿಯಂದ್ರೆ?" ಅಂದರು.

"ನೀವು ಇಳೀಬೇಡಿ ಮಾವ. ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಳ್ಳಿ."

ಜೀಪನ್ನು ಹಿಮ್ಮುಖವಾಗಿ ರಾಡಿಗೆ ಇಳಿಸಿ, ಪಂಚೆ ಎತ್ತಿಕಟ್ಟಿ, ಕಾರಿಗೆ ಸರಪಳಿ ಹಾಕಿದೆ. ಚಿಕ್ಕ ಗೇರನ್ನು ಎಳೆದೆ. ನಾಲ್ಕೂ ಚಕ್ರ ಒಂದು ಸಲ ನೆಲವನ್ನು ತಡಕಾಡಿ, ಹಿಡಿದು, ಆತುರವಿಲ್ಲದೆ ಹೊರಟವು. ಕಾರು ಬುಳಕ್ ಅಂತ ಮೇಲೆ ಬಂತು. ಅದರ ಇಂಜಿನ್ ಮಾತ್ರ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಹಾಗೇ ಎಳೆದುಕೊಂಡು ಹೊರಟೆ. ಕನ್ನಡಿಯಲ್ಲಿ ನೋಡಿದರೆ ಮಾವನವರು ಹಿಂದೆ ನೆಟ್ಟಗೆ ಕೂತು, ಪ್ರತಿ ತಿರುವಿನಲ್ಲೂ ಕಿಟಕಿಯಿಂದ ಕೈ ಹಾಕಿ ಸಿಗ್ನಲ್ ಕೊಡುತ್ತಿದ್ದರು.

ಹತ್ತೂ ಕಾಲಿಗೆ ಛತ್ರ ಮುಟ್ಟಿದೆವು. ಹೆಣ್ಣಿನ ತಂದೆ ಬಂದರು ಅಂದದ್ದೇ ತಡ, ಓಲಗದವರು ಬಾರಿಸಲು ಶುರುಮಾಡಿದರು. ಮಾವನವರು ಗಿಂಡಿ ಹಿಡಿದು ಮೆರವಣಿಗೆಯ ತೇರಿನಿಂದ ಇಳಿಯುವವರ ಹಾಗೆ ಇಳಿದರು. ಬೀಗರು ಸರಪಳಿಯನ್ನು ನೋಡಿ, "ಏನು ಮೇಷ್ಟ್ರೇ, ಕಾರು ಕೆಟ್ಟಿತ್ತಾ?" ಅಂದರು.

"ಏನಿಲ್ಲ," ಅಂದರು ಮಾವನವರು. "ಅಳಿಯಂದ್ರಿಗೆ ದಾರಿ ಸರಿಯಾಗಿ ಗೊತ್ತಿಲ್ಲ. ಹಿಂದಿನಿಂದ ನಾನೇ ನೋಡ್ಕೊಂಡು ಬಂದೆ."

ಧಾರೆ ಸುಸೂತ್ರವಾಗಿ ಆಯಿತು. ಮಗಳ ಕೈ ಹಿಡಿದು ಗಿಂಡಿಯ ನೀರು ಎರೆಯುವಾಗ ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. ಕೊನೆಯ ಪಂಕ್ತಿಯಲ್ಲಿ ಮಾವನವರು ನನ್ನ ಪಕ್ಕದ ಎಲೆಗೇ ಬಂದು ಕೂತರು. ಹೋಳಿಗೆ ಬಡಿಸಿ ಹೋದ ಮೇಲೆ, ಯಾರಿಗೂ ಕೇಳದ ಹಾಗೆ ಬಗ್ಗಿ ಕೇಳಿದರು, "ಆ ಇನ್ನೊಂದು ಚಿಕ್ಕ ಗೇರು ಅಂತಿದ್ರಲ್ಲ, ಅದನ್ನ ಹಾಕಿದ್ರಾ?"

"ಹಾಕಿದ್ದೆ ಮಾವ."

"ಅದಕ್ಕೇ ಮತ್ತೆ," ಅಂದರು, ಹೋಳಿಗೆಗೆ ತುಪ್ಪ ಸವರಿಕೊಳ್ಳುತ್ತ. "ಕೊಂಡಾಗಿನಿಂದ ನನ್ನ ಕಾರು ಯಾವತ್ತೂ ಇಷ್ಟು ಚೆನ್ನಾಗಿ ಓಡಿರ್ಲಿಲ್ಲ."