ಸೇತುವೆಯ ಮೇಲೆ ಹಸಿರು ಬಾವುಟ

ಭೀಮೇಶನ ಪ್ರೇಮಕ್ಕೆ ಮೂಲ ಕಾರಣ ಒಂದು ಕೋಲು. ತುದಿಗೆ ಕೆಂಪು ಬಟ್ಟೆ ಸುತ್ತಿದ, ಎಮ್ಮೆ ಕಾಯಲಿಕ್ಕೂ ಲಾಯಕ್ಕಿಲ್ಲದ ಕೋಲು.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡಲು ಹೊರಟವರು ನಡುದಾರಿಯ ಹಳ್ಳದ ಸೇತುವೆಯನ್ನು ಅರ್ಧ ಒಡೆದು ಹಾಕಿದ್ದರು. ಮಿಕ್ಕ ಅರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಗಾಡಿಗಳು ದಾಟಬೇಕು. ಶಿವಮೊಗ್ಗದ ತುದಿಯವನು ಒಂದಷ್ಟು ಗಾಡಿ ಬಿಟ್ಟು, ಕೊನೆಯ ಗಾಡಿಯ ಕೈಗೆ ಈ ಕೋಲು ಕೊಡುತ್ತಿದ್ದ. ಆ ಗಾಡಿ ಭದ್ರಾವತಿಯ ತುದಿಗೆ ಬಂದು, ಅಲ್ಲಿ ಬಾವುಟ ಹಿಡಿದು ನಿಂತ ಕಾಳಮ್ಮನಿಗೆ ಕೋಲು ಒಪ್ಪಿಸಿದರೆ ಹಿಂದೆ ಇನ್ಯಾರೂ ಬರುತ್ತಿಲ್ಲ ಎಂದರ್ಥ. ಆಗ ಕಾಳಮ್ಮ ಹಸಿರು ಬಾವುಟ ಬೀಸಿ ಈ ಕಡೆಯವರನ್ನು ಬಿಡುತ್ತಿದ್ದಳು.

ಬೆಳಗಿನ ಹೊತ್ತು ಆ ಕೊನೆಯ ಗಾಡಿ ಯಾವಾಗಲೂ ಶಿವಮೊಗ್ಗದ ಒಂದು ನೀಲಿ ಬಸ್ಸೇ. ಅದರ ಡ್ರೈವರಿಗೆ ದಾರಿಯಲ್ಲಿ ಟೀ ಕುಡಿಯದಿದ್ದರೆ ಗೇರು ಬೀಳುತ್ತಿರಲಿಲ್ಲ. ಈ ತುದಿಯಲ್ಲಿ ಕಾಯುವ ಸಾಲಿನ ಮೊದಲ ಗಾಡಿ ಭೀಮೇಶನ ಬಸ್ಸು. ನೀಲಿ ಬಸ್ಸು ಕೋಲು ಒಪ್ಪಿಸಲು ನಿಂತಾಗ ಎರಡೂ ಬಸ್ಸುಗಳ ಬಲಗಡೆಯ ಕಿಟಕಿಗಳು ಎದುರುಬದುರಾಗುತ್ತಿದ್ದವು. ಡ್ರೈವರುಗಳಿಬ್ಬರೂ ಷಡ್ಡಕರು. ಎಲ್ಲಿ ಎದುರಾದರೂ ಮಾವನ ಮನೆಯವರನ್ನು ನಾಲ್ಕು ಮಾತು ಬೈಯದೆ ಮುಂದೆ ಹೋಗುವವರಲ್ಲ. ಅವರು ಬೈದು ಮುಗಿಸುವವರೆಗೆ, ನೀಲಿ ಬಸ್ಸಿನ ಮೂರನೇ ಕಿಟಕಿಯಲ್ಲಿ ಅವಳು ಇರುತ್ತಿದ್ದಳು.

ಹೆಸರು ಗೊತ್ತಿಲ್ಲ, ಕೆಲಸ ಗೊತ್ತಿಲ್ಲ. ಎಂಜಿನ್ನುಗಳ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಕೇಳಿದರೂ ಎರಡು ಬಸ್ಸಿನ ಜನರೆದುರು ಆಡುವಂಥ ಮಾತಲ್ಲ. ಎಲ್ಲವೂ ಕಣ್ಣು, ಹುಬ್ಬು, ಕೈಗಳಲ್ಲೇ ನಡೆಯಬೇಕು. ಅವಳು ಡಬ್ಬಿ ಎತ್ತಿ ಹುಬ್ಬು ಹಾರಿಸಿದರೆ ತಿಂಡಿ ಆಯಿತೇ ಎಂದು. ಅವನು ಹೊಟ್ಟೆ ಸವರಿಕೊಂಡರೆ ಆಯಿತು ಎಂದು. ಒಮ್ಮೆ ಭೀಮೇಶ ಜ್ವರ ಬಂದು ಎರಡು ದಿನ ಬರಲಿಲ್ಲ. ಮತ್ತೆ ಬಂದಾಗ ಅವಳು ಅವನ ಮುಖ ನೋಡಿ, ತನ್ನ ಹಣೆಯ ಮೇಲೆ ತಾನೇ ಅಂಗೈ ಇಟ್ಟುಕೊಂಡು, ಈಗ ಹೇಗಿದೆ ಎನ್ನುವಂತೆ ಕತ್ತು ಓರೆ ಮಾಡಿದಳು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಅಣ್ಣ ಅತ್ತಿಗೆಯ ಜೊತೆಗಿದ್ದು, ಶಿವಮೊಗ್ಗದ ಒಂದು ಸೊಸೈಟಿಯಲ್ಲಿ ಗುಮಾಸ್ತಿಕೆ ಮಾಡುತ್ತ ಮೂವತ್ತನಾಲ್ಕು ದಾಟಿದ ಭೀಮೇಶನನ್ನು ಅಷ್ಟು ದೂರದಿಂದ ಯಾರೂ ಅಷ್ಟು ಹತ್ತಿರ ಮುಟ್ಟಿರಲಿಲ್ಲ. ಅವತ್ತು ಅವನು ಆಫೀಸಿನಲ್ಲಿ ಮೂರು ಸಲ ತನ್ನ ಹಣೆ ಮುಟ್ಟಿ ನೋಡಿಕೊಂಡ.

ಬಸ್ಸಿನವರೆಲ್ಲ ರಸ್ತೆ ಕೆಲಸಕ್ಕೆ ಹಿಡಿಶಾಪ ಹಾಕುವಾಗ ಭೀಮೇಶ ಒಬ್ಬನೇ ಜಲ್ಲಿ ಬರದಿರಲಿ, ಡಾಂಬರು ಸಿಗದಿರಲಿ ಎಂದು ದೇವರನ್ನು ಬೇಡುತ್ತಿದ್ದ. ದೇವರೂ ಎಂಟು ತಿಂಗಳು ನಡೆಸಿಕೊಟ್ಟ. ಆದರೆ ಎಷ್ಟೇ ಎಳೆದರೂ ರಸ್ತೆಯೆಂಬುದು ಒಂದು ದಿನ ಮುಗಿಯಲೇಬೇಕಲ್ಲ. ನಾಳೆ ಉದ್ಘಾಟನೆ ಎಂದು ಕಮಾನು ಕಟ್ಟಿಯೇಬಿಟ್ಟರು. ರಿಬ್ಬನ್ನು ಕತ್ತರಿಸುವವರೆಗೆ ಮಾತ್ರ ಸೇತುವೆಯ ಹಳೆಯ ಅರ್ಧದಲ್ಲೇ ಓಡಾಟ, ಆಮೇಲೆ ಹೋಗಲು ಎರಡು ಸಾಲು, ಬರಲು ಎರಡು ಸಾಲು, ನಡುವೆ ಡಿವೈಡರು. ಇನ್ನು ಯಾರೂ ಯಾರಿಗಾಗಿಯೂ ನಿಲ್ಲಬೇಕಾಗಿಲ್ಲ.

ಇವತ್ತೇ ಕೊನೆ ಎಂದು ಭೀಮೇಶ ಹೊಸ ಬಿಳಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಬೂಟಿಗೆ ಪಾಲಿಶ್ ಹಾಕಿಕೊಂಡು ಬಸ್ಸು ಹತ್ತಿದ. ಪಕ್ಕದ ಸೀಟಿನ ವಸಂತಮ್ಮ ಶಿವಮೊಗ್ಗದ ಶಾಲೆಯೊಂದರ ಹೊಲಿಗೆ ಟೀಚರು. ಬಟ್ಟೆಯ ಎಳೆ ಎಣಿಸುವ ಕಣ್ಣಿಗೆ ಈ ಸಂಗತಿ ಎಂದೋ ಬಿದ್ದಿತ್ತು. ಅವರಿಗೆ ಗೊತ್ತಾದ ಮೇಲೆ ಇಡೀ ಬಸ್ಸಿಗೆ ಗೊತ್ತಾಗಿತ್ತು. ಸುತ್ತಲಿನವರು ತಲೆಗೊಂದು ಸಲಹೆ ಕೊಟ್ಟರು. ಒಬ್ಬರು ಹೂವು ಕೊಡು ಎಂದರೆ ಇನ್ನೊಬ್ಬರು ಬೇಡ, ಮೊದಲು ಜಾತಕ ಕೇಳು ಎಂದರು. ಕಂಡಕ್ಟರ್ ಓಬಯ್ಯ ಬೇಕಾದರೆ ಬಸ್ಸು ಕೆಟ್ಟಿತು ಅಂತ ಹತ್ತು ನಿಮಿಷ ನಿಲ್ಲಿಸುತ್ತೇನೆ ಎಂದು ಉದಾರವಾಗಿ ಹೇಳಿದ.

“ನೋಡು ಮಾರಾಯ, ಇವತ್ತು ಬಿಟ್ರೆ ಆಯ್ತು,” ಎಂದರು ವಸಂತಮ್ಮ. “ಬಾಯ್ಬಿಟ್ಟು ಹೆಸ್ರಾದ್ರೂ ಕೇಳು. ಮಿಕ್ಕಿದ್ದು ನಾನ್ ನೋಡ್ಕೋತೀನಿ.”

“ಕೇಳ್ತೀನಿ ವಸಂತಕ್ಕ,” ಎಂದ ಭೀಮೇಶ. ಕೇಳಲೇಬೇಕು ಎಂದು ಅವನಿಗೂ ಅನಿಸಿತ್ತು. ಹೆಸರೂ ಇಲ್ಲದವಳನ್ನು ಜನ್ಮವಿಡೀ ನೆನೆಯುವುದು ಹೇಗೆ?

ಸೇತುವೆ ಬಂತು. ಕಾಳಮ್ಮನ ಕೈಯಲ್ಲಿ ಬಾವುಟವಿರಲಿಲ್ಲ. ಅವಳು ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳ ಜಾಗದಲ್ಲಿ ಒಂದು ಕಂಬ, ಕಂಬದ ತುದಿಯಲ್ಲಿ ಕೆಂಪು ದೀಪ. ನಾಳೆಯಿಂದ ಅದಕ್ಕೆ ಕೆಲಸವೇ ಇಲ್ಲದಿದ್ದರೂ, ಬರುವ ದೊಡ್ಡವರಿಗೆ ತೋರಿಸಲು ಕಂಟ್ರಾಕ್ಟರು ತಾನೇ ತಾನಾಗಿ ಬದಲಾಗುವ ಸಿಗ್ನಲ್ ತರಿಸಿ, ಎರಡೂ ತುದಿಗೆ ಒಂದೊಂದು ನೆಟ್ಟು ಪರೀಕ್ಷೆಗೆ ಬಿಟ್ಟಿದ್ದ. ದೀಪ ಬಂದ ಮೇಲೆ ಕೋಲಿಲ್ಲ. ಕೋಲಿಲ್ಲದ ಮೇಲೆ ನೀಲಿ ಬಸ್ಸು ನಿಲ್ಲುವುದಿಲ್ಲ.

ಆದರೆ ದೀಪ ಕೆಂಪಾಗಿದ್ದದ್ದು ಹಸಿರಾಗಲೇ ಇಲ್ಲ. ಹಿಂದೆ ಲಾರಿಗಳು, ಜೀಪುಗಳು, ಹಾಲಿನ ವ್ಯಾನು ಬಂದು ಸೇರಿ ಹಾರ್ನು ಬಾರಿಸತೊಡಗಿದವು. ಆ ತುದಿಯಿಂದ ನಡೆದು ಬಂದವನೊಬ್ಬ ಅಲ್ಲಿಯೂ ಕೆಂಪೇ, ನೀಲಿ ಬಸ್ಸು ಸಾಲಿನ ಮುಂದೆಯೇ ನಿಂತಿದೆ ಎಂದು ಹೇಳಿದ. ಇದು ದೇವರು ಕೊಟ್ಟ ದಾರಿ ಎಂದುಕೊಂಡ ಭೀಮೇಶ, ಊಟದ ಚೀಲವನ್ನು ಸೀಟಿನ ಮೇಲಿಟ್ಟು ಕೆಳಗಿಳಿದ. ಸೇತುವೆ ದಾಟಿ ನಡೆದರೆ ಅವಳ ಕಿಟಕಿ.

ಕಾಳಮ್ಮ ಕೈ ಅಡ್ಡ ಹಿಡಿದಳು. “ಬರಿತಲೇಲಿ ಹೋಗಂಗಿಲ್ಲ ಸ್ವಾಮಿ. ಏನಾದ್ರೂ ಬಿದ್ರೆ ನನ್ನ ಕೇಳ್ತಾರೆ,” ಎಂದು, ಪಕ್ಕದಲ್ಲಿದ್ದ ಹಳದಿ ಹೆಲ್ಮೆಟ್ಟನ್ನು ಅವನ ತಲೆಗೆ ಒತ್ತಿದಳು. ಅದು ಕಿವಿಯವರೆಗೆ ಇಳಿಯಿತು.

ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ತಲೆಯ ಮೇಲೆ ಹಳದಿ ಹೆಲ್ಮೆಟ್ಟು. ಸೇತುವೆಯ ನಡುವಿನ ದಿಣ್ಣೆ ಮುಟ್ಟುವಷ್ಟರಲ್ಲಿ ಎರಡೂ ಕಡೆಯ ಜನ ಅವನನ್ನು ಮುತ್ತಿದರು. ಇಂಜಿನಿಯರು ಈಗ ಬಂದಿದ್ದಾನೆ ಎಂದು ಲಾರಿಯವನು ಗದರಿದ. ಹಾಲು ಒಡೆದರೆ ಯಾರು ಜವಾಬ್ದಾರಿ ಎಂದು ವ್ಯಾನಿನವನು ಅಂಗಿಯ ತೋಳು ಹಿಡಿದ. ಹೊಸ ಅಂಗಿಯ ಮೇಲೆ ಐದು ಬೆರಳೂ ಮೂಡಿದವು. ನಾನು ಇಂಜಿನಿಯರಲ್ಲ ಎಂದು ಭೀಮೇಶ ಕೈ ಮುಗಿದ. ಕೆಲಸ ಕೆಟ್ಟಾಗ ಎಲ್ಲ ಇಂಜಿನಿಯರುಗಳೂ ಹಾಗೇ ಹೇಳುವುದು ಎಂದು ಒಬ್ಬ ಹಿರಿಯರು ತೀರ್ಪು ಕೊಟ್ಟರು.

ಗಲಾಟೆ ಕೇಳಿ ಓಡಿಬಂದ ಕಾಳಮ್ಮ ತನ್ನ ಎರಡು ಬಾವುಟಗಳನ್ನು ಅವನ ಕೈಗೆ ತುರುಕಿದಳು. ಆ ಡಬ್ಬಕ್ಕೆ ನನ್ನ ಕೆಲಸ ಕೊಟ್ಟ ಮೇಲೆ ನಾನು ಬಾವುಟ ಮುಟ್ಟುವುದಿಲ್ಲ ಎಂಬುದು ಅವಳ ಹಟ. “ಕೆಂಪು ತೋರ್ಸಿದ್ರೆ ನಿಲ್ತಾರೆ, ಹಸ್ರು ಬೀಸಿದ್ರೆ ಹೋಗ್ತಾರೆ. ಇಷ್ಟೇ ವಿದ್ಯೆ,” ಎಂದು ಪಾಠ ಹೇಳಿ ಮತ್ತೆ ಕಲ್ಲಿಗೆ ಹೋದಳು.

ದಿಣ್ಣೆಯ ಮೇಲೆ ನಿಂತರೆ ಎರಡೂ ತುದಿ ಕಾಣುತ್ತಿತ್ತು. ಗಾಡಿಗಳು ಕಾಣುತ್ತಿದ್ದವು, ಧೂಳಿನಲ್ಲಿ ಮುಖಗಳು ಕಾಣುತ್ತಿರಲಿಲ್ಲ. ಬಾವುಟ ಕೈಗೆ ಬಂದಾಗ ಭೀಮೇಶನಿಗೆ ಮೊದಲು ಭಯವಾಯಿತು, ಆಮೇಲೆ ಬುದ್ಧಿ ಓಡಿತು. ನೀಲಿ ಬಸ್ಸನ್ನು ನಿಲ್ಲಿಸುವ ಅಧಿಕಾರ ಈಗ ಅವನದೇ. ಮೊದಲು ಭದ್ರಾವತಿಯ ಕಡೆಯವರನ್ನು ಸಾಗಹಾಕುವುದು. ತನ್ನ ಬಸ್ಸೂ, ಅದರೊಳಗಿನ ಸಲಹೆಗಾರರೂ ತೊಲಗಲಿ. ಆಮೇಲೆ ಆ ಕಡೆಯ ಮೊದಲ ಗಾಡಿ ನೀಲಿ ಬಸ್ಸು. ಅದನ್ನು ಇಲ್ಲಿಯೇ, ತನ್ನೆದುರಿಗೇ ನಿಲ್ಲಿಸಿ, ಮೂರನೇ ಕಿಟಕಿಯ ಕೆಳಗೆ ನಿಂತು ಸಾವಧಾನವಾಗಿ ಹೆಸರು ಕೇಳುವುದು. ಎಂಟು ತಿಂಗಳಲ್ಲಿ ಹೊಳೆಯದ ಉಪಾಯ ಹೆಲ್ಮೆಟ್ಟು ಹಾಕಿದ ಗಳಿಗೆಯಲ್ಲಿ ಹೊಳೆದದ್ದಕ್ಕೆ ಅವನಿಗೇ ಹೆಮ್ಮೆಯಾಯಿತು.

ಭದ್ರಾವತಿಯ ಕಡೆಗೆ ಹಸಿರು ಬೀಸಿದ. ಅವನ ಬಸ್ಸೇ ಮೊದಲು ಹೊರಟಿತು. ಎದುರಿಗೆ ಬಂದಾಗ ಓಬಯ್ಯ ಬಾಗಿಲಿನಿಂದ ನೇತಾಡುತ್ತ ಹತ್ತಿ ಸಾರ್ ಎಂದ. ನೀವು ಹೋಗಿ, ನಾನು ಆಮೇಲೆ ಬರುತ್ತೇನೆ ಎಂದು ಭೀಮೇಶ ಕೈಯಾಡಿಸಿದ. ಬಸ್ಸು ದಾಟಿ ಆ ತುದಿಗೆ ಹೋಯಿತು. ಹೋಗಿ, ನೀಲಿ ಬಸ್ಸಿನ ಪಕ್ಕದಲ್ಲಿ ನಿಂತುಬಿಟ್ಟಿತು. ಷಡ್ಡಕರು!

ಸೇತುವೆಯ ಮೇಲೆ ಹಿಂದಿನ ಗಾಡಿಗಳೆಲ್ಲ ಸಿಕ್ಕಿಕೊಂಡು ಬೊಬ್ಬೆ ಹಾಕಿದವು. ಜನ ಮತ್ತೆ ಭೀಮೇಶನ ಮೇಲೆ ಬಿದ್ದರು. ಅವನಿಗೆ ತಡೆಯಲಾರದ ಸಿಟ್ಟು ಬಂತು. ಅವಳಿಗೂ ತನಗೂ ನಡುವೆ ಈಗ ಉಳಿದ ಒಂದೇ ಅಡ್ಡಿ ಆ ದರಿದ್ರ ಬಸ್ಸು. ಕೆಂಪು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿ, ಹಸಿರನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಬೀಸುತ್ತ, “ಹೋಗು, ಹೋಗು” ಎಂದು ಗಂಟಲು ಕಿತ್ತುಹೋಗುವಂತೆ ಕೂಗಿದ. ಬಸ್ಸಿನ ಕಿಟಕಿಯಿಂದ ಒಂದು ಕೈ ಹೊರಬಂದು ಇವನ ಕಡೆಗೆ ಆಡಿತು. ವಸಂತಕ್ಕ ಶುಭ ಕೋರುತ್ತಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಬೀಸಿದ. ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತು ಒಳಗೆ ಹೋಯಿತು. ಬಸ್ಸು ಹೊರಟಿತು.

ಮಿಕ್ಕ ಸಾಲು ದಾಟಿತು. ಭೀಮೇಶ ಅಂಗಿಯ ಧೂಳು ಕೊಡವಿಕೊಂಡು, ಶಿವಮೊಗ್ಗದ ಕಡೆಗೆ ತಿರುಗಿ ಹಸಿರು ತೋರಿಸಿದ. ನೀಲಿ ಬಸ್ಸು ಏರಿ ಬಂತು. ತನ್ನೆದುರಿಗೆ ಬರುತ್ತಲೇ ಕೆಂಪು ಎತ್ತಿದ, ನಿಂತಿತು. ಸುತ್ತಿ ಬಲಗಡೆಗೆ ಹೋಗಿ, ಮೂರನೇ ಕಿಟಕಿಯ ಕೆಳಗೆ ನಿಂತು, ಹೆಲ್ಮೆಟ್ಟು ತೆಗೆದು ಮೇಲೆ ನೋಡಿದ.

ಅಲ್ಲಿ ಒಬ್ಬ ಅಜ್ಜಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಕುಂಸಿಯಿಂದ ಭದ್ರಾವತಿಯ ನ್ಯೂ ಟೌನಿನ ಮಗಳ ಮನೆಗೆ ಹೊರಟವರು.

“ಇಲ್ಲಿದ್ದೋರು ಎಲ್ಲಿ ಅಜ್ಜಿ?” ಎಂದ ಭೀಮೇಶ.

“ಆ ಹುಡ್ಗಿನಾ? ಇಳ್ದು ಆ ಬಸ್ ಹತ್ತಿದ್ಲಲ್ಲಪ್ಪ. ನಾಳೆಯಿಂದ ನಿಲ್ಲಲ್ಲ, ಇವತ್ತೇ ಮಾತಾಡ್ಬೇಕು ಅಂತ ಹೇಳ್ತಿದ್ಲು. ಜಾಗ ನಂಗೆ ಕೊಟ್ಟು ಹೋದ್ಲು, ಪುಣ್ಯಾತ್ಗಿತ್ತಿ.”

ಹಿಂದಿನ ಗಾಡಿಗಳು ಹಾರ್ನು ಹಾಕಿದವು. ಭೀಮೇಶ ಯಾವ ಬಾವುಟವನ್ನೂ ಎತ್ತಲಿಲ್ಲ. ಕೊನೆಗೆ ಕಾಳಮ್ಮನೇ ಬಂದು, ಅವನ ಕೈಯಿಂದ ಹಸಿರನ್ನು ಕಿತ್ತುಕೊಂಡು ಬೀಸಿ, ನೀಲಿ ಬಸ್ಸನ್ನು ಕಳಿಸಿದಳು.

ಜಲ್ಲಿ ಲಾರಿ ಹತ್ತಿ ಆಫೀಸು ಸೇರಿದಾಗ ಮ್ಯಾನೇಜರು ಅಂಗಿಯ ಬೆರಳ ಗುರುತು ನೋಡಿ ಯಾರ ಜೊತೆ ಹೊಡೆದಾಡಿದೆ ಎಂದು ವಿಚಾರಣೆ ಮಾಡಿದರು. ಭೀಮೇಶನಿಗೆ ಅದು ಕೇಳಿಸಲಿಲ್ಲ. ಅವಳು ತನ್ನ ಬಸ್ಸು ಬಿಟ್ಟು ಅವನ ಬಸ್ಸು ಹತ್ತಿದ್ದಳು! ಎಂಟು ತಿಂಗಳು ಇವನೊಬ್ಬನೇ ಕಾದದ್ದಲ್ಲ. ಆ ಸಂತೋಷದ ಮುಂದೆ ಮ್ಯಾನೇಜರು ಯಾವ ಲೆಕ್ಕ. ಹೇಗೂ ಜೊತೆಗೆ ವಸಂತಕ್ಕ ಇದ್ದರು. ಹೆಸರು, ವಿಳಾಸ, ನಕ್ಷತ್ರ ಎಲ್ಲ ಸಂಜೆಯೊಳಗೆ ಕೈ ಸೇರುತ್ತದೆ ಎಂದು ಸಾವಿರ ಸಲ ಗಡಿಯಾರ ನೋಡಿದ.

ಸಂಜೆಯ ಬಸ್ಸಿನಲ್ಲಿ ವಸಂತಮ್ಮ ಅವನ ಊಟದ ಚೀಲ ಹಿಡಿದು ಕೂತಿದ್ದರು.

“ನಾನೇ ಕೈ ಹಿಡ್ದು ಹತ್ತಿಸ್ಕೊಂಡೆ ಮಾರಾಯ,” ಎಂದರು. “ನಿನ್ ಸೀಟಲ್ಲೇ ಕೂರಿಸ್ದೆ. ಅವ್ರೆಲ್ಲಿ ಅಂದ್ಲು. ಅಗೋ, ಹಳ್ದಿ ಟೋಪಿ ಹಾಕ್ಕೊಂಡು ನಿಂತಿದಾನಲ್ಲ, ಅವ್ನೇ ಅಂತ ತೋರಿಸ್ದೆ. ಕಿಟಕಿಯಿಂದ ಕೈ ಚಾಚಿ ಬನ್ನಿ ಬನ್ನಿ ಅಂತ ಕರದ್ಲು. ನೀನು ನೋಡಿದ್ರೆ ಹಸಿರು ಬಾವುಟ ಬೀಸ್ದೆ. ಎರಡೂ ಕೈಯಲ್ಲಿ. ಹೋಗು ಹೋಗು ಅಂತ ಕೂಗಿದ್ದು ಇಡೀ ಬಸ್ಸಿಗೆ ಕೇಳ್ತು.”

ಭೀಮೇಶ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

“ಉತ್ತರ ಸಿಕ್ತು ಬಿಡಿ ಅಕ್ಕ ಅಂದ್ಲು. ಇಳಿಯೋ ತನಕ ನಿನ್ ಚೀಲ ತೊಡೆ ಮೇಲೆ ಇಟ್ಕೊಂಡಿದ್ಲು.”

“ಹೆಸ್ರು?” ಎಂದ ಭೀಮೇಶ.

“ಕಣ್ಣಲ್ಲಿ ನೀರು ತುಂಬ್ಕೊಂಡ್ ಕೂತೋಳ ಹತ್ರ ಹೆಸ್ರು ಕೇಳೋದು ಹೇಗಪ್ಪ,” ಎಂದರು ವಸಂತಮ್ಮ. ಹುಟ್ಟಿದಾಗಿನಿಂದ ಊರಿನವರನ್ನೆಲ್ಲ ಎಲ್ಲವನ್ನೂ ಕೇಳಿದವರು ಅದೊಂದು ದಿನ ಏನನ್ನೂ ಕೇಳಿರಲಿಲ್ಲ.

ಮರುದಿನ ರಸ್ತೆಯ ಉದ್ಘಾಟನೆಯಾಯಿತು. ಬಸ್ಸುಗಳ ವೇಳೆಯೆಲ್ಲ ಬದಲಾಯಿತು. ನೀಲಿ ಬಸ್ಸಿನ ಡ್ರೈವರು ಟೀ ಎಲ್ಲಿ ಕುಡಿಯುತ್ತಾನೋ, ಅದು ಈಗ ಯಾವ ಹೊತ್ತಿಗೆ ಎಲ್ಲಿ ಎದುರಾಗುತ್ತದೋ ಯಾರಿಗೂ ಗೊತ್ತಿಲ್ಲ. ಭೀಮೇಶ ರಜೆ ಹಾಕಿ ಎರಡು ಬೆಳಗ್ಗೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದ. ಆ ಬಸ್ಸು ಬಂತು, ಮೂರನೇ ಕಿಟಕಿಯಲ್ಲಿ ಬೇರೆ ಯಾರೋ ಇದ್ದರು. ಈಗ ಅವನ ಬಸ್ಸು ಕಾಲು ಗಂಟೆ ಬೇಗ ತಲುಪುತ್ತದೆ. ಬೇಗ ಬರುವ ಗುಮಾಸ್ತನೆಂದು ಮೆಚ್ಚಿ ಮ್ಯಾನೇಜರು ಇನ್ನೊಬ್ಬರ ಕೆಲಸವನ್ನೂ ಅವನಿಗೇ ಕೊಟ್ಟಿದ್ದಾರೆ.

ಹಳ್ಳದ ಸೇತುವೆ ಈಗ ಬಂದದ್ದೇ ತಿಳಿಯುವುದಿಲ್ಲ. ಡಿವೈಡರಿನ ಆಚೆ ಬಸ್ಸುಗಳು ಬುರ್ರೆಂದು ಹೋಗುತ್ತವೆ. ಕಿಟಕಿಯ ಮುಖಗಳೆಲ್ಲ ಒಂದೇ ಗೆರೆಯಾಗಿ ಕಾಣುತ್ತವೆ. ಆ ಗೆರೆಯಲ್ಲಿ ಯಾವುದೋ ಒಂದು ಕೈ ಹಣೆಯ ಹತ್ತಿರ ಹೋಯಿತೇನೋ ಎಂದು ಭೀಮೇಶನಿಗೆ ಒಮ್ಮೊಮ್ಮೆ ಅನಿಸುತ್ತದೆ.

“ಎಂಥ ರೋಡು ನೋಡಿ ಸಾರ್,” ಎನ್ನುತ್ತಾನೆ ಓಬಯ್ಯ ಟಿಕೆಟ್ ಹರಿಯುತ್ತ. “ಎಲ್ಲೂ ನಿಲ್ಲೋ ಹಾಗೇ ಇಲ್ಲ.”

ಹೌದು, ಬಹಳ ಚೆನ್ನಾಗಿದೆ ಎಂದು ಭೀಮೇಶ ಬಲಗಡೆಯ ಕಿಟಕಿಗೆ ತಿರುಗುತ್ತಾನೆ.