ಹೊಗೆಯಿಲ್ಲದ ಬೆಂಕಿಯ ಮುಂದೆ

ರಿಚರ್ಡ್‌ಸನ್ ಎಂಬ ಊರಿನ ನಮ್ಮ ಹಳೇ ಮನೆಯಲ್ಲಿ ಚಳಿಗಾಲ ಬಂತೆಂದರೆ ಫೈರ್‌ಪ್ಲೇಸ್ ಮುಂದೆ ಏನಾದರೊಂದು ಆಗಿಯೇ ಆಗುತ್ತದೆ. ಮೊದಲೆಲ್ಲ ಅದರಲ್ಲಿ ಓಕ್ ಸೌದೆ ಉರಿಸುತ್ತಿದ್ದೆವು. ಕೂದಲಿಗೆ, ಸೀರೆಗೆ ಅಂಟುತ್ತಿದ್ದ ಆ ಹೊಗೆಯ ವಾಸನೆ ನನಗೆ ಊರಿಗೆ ಹೋಗಿ ಬಂದಷ್ಟು ಹಿತ. ಯಜಮಾನರಿಗೆ ಉಸಿರಿನ ತೊಂದರೆ ಶುರುವಾದ ಮೇಲೆ ಡಾಕ್ಟರು ಸೌದೆ ಹೊಗೆ ಕೂಡದು ಅಂದರು. ಚಿಮಣಿ ಕ್ಲೀನ್ ಮಾಡಿಸಿ ಗ್ಯಾಸ್ ಲಾಗ್ ಹಾಕಿಸಿದೆವು. ನೋಡಲು ಸೌದೆಯಂತೆಯೇ ಇರುವ ಸೆರಾಮಿಕ್ ಕೊರಡುಗಳು, ಕೆಳಗೆ ಗ್ಯಾಸಿನ ಉರಿ.

ಬೆಚ್ಚಗಾದ ಮನೆ

ಉರಿಯ ವಿಷಗಾಳಿ ಹೊರಗೆ ಹೋಗಲೆಂದು, ಚಿಮಣಿಯೊಳಗಿನ ಮುಚ್ಚಳ ಪೂರ್ತಿ ಮುಚ್ಚದಂತೆ ಪ್ಲಂಬರ್ ಒಂದು ಕ್ಲಿಪ್ ಹಾಕಿದ್ದ. ನಿವೃತ್ತ ಎಂಜಿನಿಯರಾದ ಇವರಿಗೆ ಸಮಾಧಾನವಿಲ್ಲ. "ಬಿಸಿಯೆಲ್ಲಾ ಆಕಾಶಕ್ಕೆ ಹೋಗ್ತಿದೆ ಕಣೇ" ಎಂದು ಗೊಣಗುತ್ತಿದ್ದವರು, ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಕ್ಲಿಪ್ ಕಿತ್ತು, ಮುಚ್ಚಳ ಪೂರ್ತಿ ಎಳೆದು ಮುಚ್ಚಿ, ಉರಿ ಹಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ವಿಷಗಾಳಿಯ ಸುಳಿವು ಕೊಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಿರುಚತೊಡಗಿತು. ಓಡಿಬಂದರೆ ಇವರು ಸೋಫಾದಲ್ಲಿ ತೂಕಡಿಸುತ್ತಿದ್ದಾರೆ. ಎಬ್ಬಿಸಿ, ಹೊರಗೆ ಎಳೆದುಕೊಂಡು ಬಂದು ಫೋನ್ ಮಾಡಿದೆ. ಅಗ್ನಿಶಾಮಕದವರು ಬಂದು ಗ್ಯಾಸ್ ನಿಲ್ಲಿಸಿದರು, ಕಿಟಕಿ ತೆರೆದರು, ನಮ್ಮಿಬ್ಬರನ್ನೂ ಪರೀಕ್ಷಿಸಿ ಗಾಬರಿಯಿಲ್ಲ ಅಂದರು. ಲಾನಿನ ಮೇಲೆ ನನ್ನ ಶಾಲು ಹೊದ್ದು ನಡುಗುತ್ತಿದ್ದ ಇವರು ಮೆಲ್ಲಗೆ ಹೇಳಿದರು: "ಮನೆಯೇನೋ ಬೆಚ್ಚಗಾಗಿತ್ತು. ಒಳಗಿರೋಕೆ ನಾವಿಲ್ಲ, ಅಷ್ಟೆ."

ಮರುದಿನವೇ ಕ್ಲಿಪ್ ಹಾಕಿಸಿದೆ.

ಮಡಿ

ಹ್ಯೂಸ್ಟನ್ ಹತ್ತಿರದ ಸ್ಟಾಫರ್ಡಿನಿಂದ ಅಕ್ಕ ಬಂದಿದ್ದಳು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ತಿನ್ನದೆ ಎಷ್ಟು ಕಾಲವಾಯಿತು ಎಂದು ದಾರಿಯುದ್ದಕ್ಕೂ ನೆನೆದುಕೊಂಡು ಬಂದಳಂತೆ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಎಣ್ಣೆ ಸವರಿದ ಬದನೆಕಾಯಿ ಹಿಡಿದು ಫೈರ್‌ಪ್ಲೇಸ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಅಕ್ಕಾ, ಅದರ ಮೇಲೆ ಏನೂ ಇಡಬಾರದು. ಕೊರಡು ಜರುಗಿದರೂ ಮಸಿ ಕಟ್ಟುತ್ತೆ, ಮುಟ್ಟಬೇಡ."

ಅಕ್ಕ ಬದನೆಕಾಯಿಯನ್ನೂ ಬೆಂಕಿಯನ್ನೂ ನೋಡಿದಳು. "ಹಾಗಂದ್ರೆ ನಿಮ್ಮನೆ ಬೆಂಕಿ ಮಡೀಲಿದೆ ಅನ್ನು."

ಚಟಪಟ

ಸೌದೆಯ ಚಟಪಟ ಸದ್ದಿಲ್ಲದೆ ಇವರಿಗೆ ಬೇಸರ. ಫೋನಿನಲ್ಲಿ ಆ ಸದ್ದು ಹಾಕಿಕೊಂಡು ಉರಿಯ ಎದುರು ಕಣ್ಣುಮುಚ್ಚಿ ಕೂರುತ್ತಿದ್ದರು. ಆಸ್ಟಿನ್ನಿನಿಂದ ಮಗಳು ಬಂದ ದಿನ ಇಂಟರ್ನೆಟ್ ಕೈಕೊಟ್ಟು ಸದ್ದು ನಿಂತುಹೋಯಿತು. ಉರಿ ಮಾತ್ರ ಉರಿಯುತ್ತಲೇ ಇತ್ತು. ಮಗಳು ಪುಸ್ತಕದಿಂದ ತಲೆಯೆತ್ತದೆ ಅಂದಳು: "ಅಪ್ಪಾ, ಯುವರ್ ಫೈರ್ ಈಸ್ ಬಫರಿಂಗ್."

ಮುಗಿಯದ ಸೌದೆ

ಅಮ್ಮ ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಇವರ ಆರೋಗ್ಯ ಕೆಟ್ಟಾಗಿನಿಂದ ನಾನು ಹೋಗಿಲ್ಲ, ವೀಡಿಯೊದಲ್ಲೇ ಮಾತು. ಮೊನ್ನೆ ನನ್ನ ಬೆನ್ನ ಹಿಂದಿನ ಉರಿ ನೋಡಿ ಕೇಳಿದಳು, "ಹೋದ ವರ್ಷವೂ ಇವೇ ಸೌದೆ ಇದ್ದವಲ್ಲೇ? ಇನ್ನೂ ಉರಿದು ಮುಗಿದಿಲ್ವಾ?"

"ಇವು ಮುಗಿಯೋದೇ ಇಲ್ಲಮ್ಮ."

ಅಮ್ಮ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಬರುವಾಗ ಒಂದು ಕೊರಡು ತಗೊಂಡು ಬಾ. ಹಂಡೆ ಒಲೆಗೆ ಹಾಕಿಬಿಡೋಣ. ಸೌದೆ ತಂದೂ ತಂದೂ ನಿಮ್ಮಣ್ಣನಿಗೆ ಸಾಕಾಗಿದೆ."

ನಗು ತಡೆದುಕೊಂಡು ಹೇಳಿದೆ, "ತುಂಬಾ ಭಾರ ಕಣಮ್ಮ. ವಿಮಾನದಲ್ಲಿ ತರೋಕಾಗಲ್ಲ."

"ಭಾರ ಆದ್ರೆ ಅದನ್ನ ದಾರೀಲೇ ಬಿಟ್ಟುಬಿಡು," ಅಂದಳು ಅಮ್ಮ. "ನೀನು ಬಾ."